ಚೆನ್ನೈನಲ್ಲಿ ಹಳೆಯ ವ್ಯಾನ್ ಕೊಳ್ಳುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

2012ರ ಜುಲೈ 25ರಂದು ತಾಂಬರಂ ಬಳಿಯ ಮುಡಿಚೂರಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲಾ ಬಸ್ಸಿನ ತಳದ ತೂತಿನಿಂದ ರಸ್ತೆಗೆ ಬಿದ್ದಳು. ಅದೇ ಬಸ್ಸಿನ ಹಿಂಚಕ್ರ ಅವಳ ಮೇಲೆ ಹರಿಯಿತು. ಆ ಬಸ್ಸಿಗೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಇತ್ತು. ಕೊಟ್ಟು ಹೆಚ್ಚು ದಿನವೂ ಆಗಿರಲಿಲ್ಲ. ಮದ್ರಾಸ್ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು, ಅದೇ ವರ್ಷ ತಮಿಳುನಾಡು ಸರಕಾರ ಶಾಲಾ ವಾಹನಗಳಿಗೆ ವಿಶೇಷ ನಿಯಮಗಳನ್ನು ತಂದಿತು. ತೂತು ಮಾತ್ರ ಯಾರಾದರೂ ಬಗ್ಗಿ ನೋಡಿದ್ದರೆ ಮೊದಲೇ ಕಾಣುತ್ತಿತ್ತು.

ಮೆಸ್ಸು, ಕೇಟರಿಂಗ್, ಹೂವು, ತರಕಾರಿ, ನೀರಿನ ಕ್ಯಾನ್, ಬೇಕರಿ ವ್ಯಾಪಾರಕ್ಕೆಂದು ಚೆನ್ನೈನಲ್ಲಿ ಹಳೆಯ ವ್ಯಾನ್ ಕೊಳ್ಳಹೊರಟ ಕನ್ನಡಿಗರು ಮುಂಗಡ ಕೊಡುವ ಮುನ್ನ ಇದನ್ನು ಓದಬೇಕು. ತಪ್ಪಿದರೆ ಆಗುವುದಿಷ್ಟು: ಬ್ರೇಕ್ ಹೋದರೆ ಜನ ಸಾಯುತ್ತಾರೆ. ವಿಮೆ ಕೈಬಿಟ್ಟರೆ ಪರಿಹಾರದ ಹಣವನ್ನು ಮನೆ ಮಾರಿ ಕಟ್ಟಬೇಕಾಗುತ್ತದೆ. ದಾಖಲೆ ಸರಿಯಿಲ್ಲದ ವ್ಯಾನ್ ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತು ತುಕ್ಕು ಹಿಡಿಯುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಮಾಡಬೇಕಾದ್ದು

ಹೋಗುವ ಮುನ್ನ

ಹಗಲು ಹೊತ್ತಿನಲ್ಲಿ ಹೋಗಿ.

ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ.

ಇಂಜಿನ್ ಸ್ಟಾರ್ಟ್ ಮಾಡದೆ ತಣ್ಣಗೆ ಇಡಬೇಕೆಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಅಥವಾ ಸೀಟಿನಡಿಯ ಮುಚ್ಚಳ ಮುಟ್ಟಿ ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿರುವಾಗ ಸ್ಟಾರ್ಟ್ ಆಗದ ಕಾಯಿಲೆಯನ್ನು ಬಿಸಿ ಇಂಜಿನ್ ಮುಚ್ಚಿಡುತ್ತದೆ.

ಆ ವ್ಯಾನ್ ಇದುವರೆಗೆ ಏನು ಹೊತ್ತಿದೆ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕಾಸಿಮೇಡು ಮೀನುಬಂದರಿನಲ್ಲಿ ದುಡಿದ ವ್ಯಾನಿನ ತಳಕ್ಕೆ ಉಪ್ಪು ಬೆರೆತ ಐಸ್ ನೀರು ವರ್ಷಗಟ್ಟಲೆ ಸೋರಿರುತ್ತದೆ. ಕೋಯಂಬೇಡು ಮಾರುಕಟ್ಟೆಯಿಂದ ಬಂದದ್ದರ ಕಮಾನ್ ಪಟ್ಟಿಗಳು ಭಾರಕ್ಕೆ ಸೋತಿರುತ್ತವೆ. ನೀರಿನ ಕ್ಯಾನ್ ಸಾಗಿಸಿದ ವ್ಯಾನಿಗೆ ಎರಡು ರೋಗವೂ ಇರುತ್ತದೆ. 20 ಲೀಟರಿನ ಕ್ಯಾನ್ ಒಂದರ ನೀರಿನ ತೂಕವೇ 20 ಕಿಲೊ, 50 ಕ್ಯಾನ್ ಎಂದರೆ ಒಂದು ಟನ್. 2005ರಲ್ಲಿ ಬಂದ ಮೊದಲ ಟಾಟಾ ಏಸ್ ಹೊರಬೇಕಾದದ್ದು ಮುಕ್ಕಾಲು ಟನ್, ಅದರ ಇಂಜಿನ್ ಎರಡೇ ಸಿಲಿಂಡರಿನ 702 ಸಿಸಿ. ದಿನಕ್ಕೆ ನಾಲ್ಕು ಟ್ರಿಪ್ ಹೀಗೆ ಹೊಡೆದ ಗಾಡಿಯ ಕ್ಲಚ್, ಹೌಸಿಂಗ್ (ಹಿಂದಿನ ಆಕ್ಸಲ್), ಬ್ರೇಕ್ ಎಲ್ಲಕ್ಕೂ ಮೀಟರ್ ತೋರಿಸುವುದಕ್ಕಿಂತ ಹೆಚ್ಚು ವಯಸ್ಸಾಗಿರುತ್ತದೆ.

ತಳ

ವ್ಯಾನನ್ನು ರ‍್ಯಾಂಪ್ ಇರುವ ಗ್ಯಾರೇಜಿಗೆ ಒಯ್ದು ಎತ್ತಿಸಿ.

ಡೆಕ್ಕಿನ ಮೇಲೆ ಹಾಸಿರುವ ರಬ್ಬರ್ ಮ್ಯಾಟ್, ಪ್ಲೈವುಡ್, ತಗಡು ಎಲ್ಲವನ್ನೂ ತೆಗೆಸಿ ನೋಡಿ.

ಸ್ಕ್ರೂ ಡ್ರೈವರಿನ ಹಿಂತುದಿಯಿಂದ ಚಾಸಿ ಉದ್ದಕ್ಕೂ ಕುಟ್ಟಿ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಸತ್ತಂತಿರುತ್ತದೆ, ಚೂರು ಉದುರುತ್ತದೆ.

ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡಲ್ಲಿ ಕೆರೆದು ನೋಡಿ. ತಳಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅದರಡಿ ವೆಲ್ಡಿಂಗ್ ಇದೆಯೇ ಎಂದು ಹುಡುಕಿ.

ಬ್ರೇಕ್ ಪೈಪಿನ ಮೇಲೆ ಬೆರಳಾಡಿಸಿ. ತರಿತರಿಯಾಗಿದ್ದರೆ ಬದಲಿಸಲೇಬೇಕು. ಇದು ಕೆಲವು ಸಾವಿರದ ಕೆಲಸ.

ಕಮಾನ್ ಪಟ್ಟಿಗಳನ್ನು ಎಣಿಸಿ, ಸೀಳು ನೋಡಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ ಅದು ಓವರ್‌ಲೋಡ್ ಗಾಡಿ.

ಗೇರ್‌ಬಾಕ್ಸ್, ಹೌಸಿಂಗ್, ಹಿಂಚಕ್ರದ ಒಳಬದಿಯಲ್ಲಿ ಆಯಿಲ್ ಸೋರಿಕೆ ನೋಡಿ. ಚಕ್ರದ ಒಳಬದಿ ಒದ್ದೆಯಿದ್ದರೆ ಆಯಿಲ್ ಬ್ರೇಕ್ ಲೈನರಿಗೂ ತಾಗಿರುತ್ತದೆ.

ಚಾಸಿ ನಂಬರನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಸುತ್ತಲಿನ ಲೋಹ ಉಜ್ಜಿದಂತಿದ್ದರೆ ಅಲ್ಲಿಂದ ಹೊರಟುಬಿಡಿ.

ಇಂಜಿನ್

ಮೊದಲ ಸ್ಟಾರ್ಟಿನ ಹೊಗೆಯನ್ನು ಹಿಂದೆ ನಿಂತು ನೋಡಿ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಬಿಡದೆ ಬರುವ ಬಿಳಿ ಹೊಗೆ, ಅದರ ಜೊತೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ದಟ್ಟ ಕಪ್ಪು ಹೊಗೆಯೆಂದರೆ ಇಂಜೆಕ್ಟರ್, ಟರ್ಬೊ ಅಥವಾ ಕಟ್ಟಿಕೊಂಡ ಏರ್ ಫಿಲ್ಟರ್.

ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ. ಹೊಗೆ ಬುಸುಬುಸು ಎದ್ದು ಮುಚ್ಚಳ ಕುಣಿದರೆ ಬೋರ್ ಕೆಲಸಕ್ಕೆ ಬಂದಿದೆ.

ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ವ್ಯವಹಾರ ಅಲ್ಲಿಗೇ ಮುಗಿಸಿ.

ರೇಡಿಯೇಟರಿನಲ್ಲಿರುವುದು ಕೂಲಂಟೋ ಬರೀ ನಲ್ಲಿ ನೀರೋ ನೋಡಿ. ಚೆನ್ನೈನ ಬೋರ್‌ವೆಲ್ ನೀರು ಗಡುಸು. ರೇಡಿಯೇಟರಿನೊಳಗೆ ಗಸಿ ಕಟ್ಟಿಸುತ್ತದೆ. ಮೇ ತಿಂಗಳ ಬಿಸಿಲಲ್ಲಿ, ಜಿಎಸ್‌ಟಿ ರಸ್ತೆಯ ಜಾಮಿನಲ್ಲಿ ಇಂಜಿನ್ ಕುದಿಯಲು ಅಷ್ಟೇ ಸಾಕು.

ಗಾಡಿ ನಿಲ್ಲಿಸಿಯೇ ಅರ್ಧ ಗಂಟೆ ಇಂಜಿನ್ ಓಡಿಸಿ, ಫ್ಯಾನ್ ತಿರುಗುತ್ತದೆಯೇ ನೋಡಿ, ಉಷ್ಣಾಂಶದ ಮುಳ್ಳಿನ ಮೇಲೆ ಕಣ್ಣಿಡಿ.

2020ರ ಏಪ್ರಿಲ್ 1ರ ನಂತರದ ಬಿಎಸ್6 ಡೀಸೆಲ್ ವ್ಯಾನಿಗೆ ಸ್ಕ್ಯಾನರ್ ಹಾಕಿಸಿ. ಎಗ್ಸಾಸ್ಟಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಊರೊಳಗಿನ ಚಿಕ್ಕಚಿಕ್ಕ ಓಡಾಟದಲ್ಲೇ ದುಡಿದಿದ್ದರೆ ಆ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಮೈಲಾಪುರದಿಂದ ಟಿ. ನಗರಕ್ಕೆ, ಅಲ್ಲಿಂದ ಮತ್ತೆ ಮೈಲಾಪುರಕ್ಕೆ ಓಡುವ ವ್ಯಾನಿಗೆ ಮಸಿ ಸುಟ್ಟುಹಾಕುವಷ್ಟು ಬಿಸಿ ಏರುವುದೇ ಇಲ್ಲ. ಫಿಲ್ಟರ್ ಬದಲಿಸುವ ಖರ್ಚು ನಿಮ್ಮ ಬಜೆಟ್ಟನ್ನೇ ಮುರಿಯುತ್ತದೆ.

ಓಡಿಸಿ ನೋಡುವಾಗ

ಭಾರ ಹೇರಿ ಓಡಿಸಿ. ಖಾಲಿ ವ್ಯಾನ್ ಎಲ್ಲ ದೋಷವನ್ನೂ ಬಚ್ಚಿಡುತ್ತದೆ.

ಮೇಲ್ಸೇತುವೆ ಹತ್ತಿಸಿ. ಚೆನ್ನೈ ಸಪಾಟು ಊರು, ಏರು ಸಿಗುವುದು ಕತ್ತಿಪಾರದಂಥ ಕಡೆ ಮಾತ್ರ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಬ್ಬಕ್ಕೆ ಇದೇ ವ್ಯಾನಿನಲ್ಲಿ ಬೆಂಗಳೂರಿಗೆ ಹೊರಡುವವರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೇರಬೇಕು. ಕೃಷ್ಣಗಿರಿ ದಾಟಿದ ಮೇಲಿನ ಏರಿನಲ್ಲಿ ಆ ಕ್ಲಚ್ ಸುಟ್ಟುಹೋಗುತ್ತದೆ.

ಇಂಜಿನ್ ಓಡುತ್ತಿರುವಾಗ ಬ್ರೇಕ್ ಪೆಡಲನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ಕಾಲಡಿ ಮೆಲ್ಲಗೆ ಕುಸಿದರೆ ಮಾಸ್ಟರ್ ಸಿಲಿಂಡರ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಬಯಲು ಜಾಗದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ, ಗಾಡಿ ಒಂದು ಕಡೆ ಎಳೆಯುತ್ತದೆಯೇ ನೋಡಿ.

ಹ್ಯಾಂಡ್ ಬ್ರೇಕನ್ನು ಇಳಿಜಾರಿನಲ್ಲಿ ಪರೀಕ್ಷಿಸಿ.

ಸ್ಟೀರಿಂಗನ್ನು ಆಚೀಚೆ ಅಲ್ಲಾಡಿಸಿ ಆಟ ಎಷ್ಟಿದೆ ನೋಡಿ. ಕಿಂಗ್ ಪಿನ್ ಇರುವ ಗಾಡಿಯಾದರೆ ಮುಂಚಕ್ರ ಎತ್ತಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ.

ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನಿಂದ ಟಣ್ ಎಂದರೆ ಜಾಯಿಂಟ್ ಕ್ರಾಸ್ ನೋಡಿಸಿ. ವೇಗದಲ್ಲಿ ಗುಂಯ್ ಎನ್ನುತ್ತಿದ್ದರೆ ಹೌಸಿಂಗಿನ ಕ್ರೌನ್ ಪಿನಿಯನ್ ಸವೆದಿದೆ.

ಟೈರಿನ ಪಕ್ಕದ ನಾಲ್ಕಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರ್. ಪಟ್ಟೆ ಎಷ್ಟೇ ಚೆನ್ನಾಗಿ ಕಂಡರೂ ಆರು ವರ್ಷ ಮೀರಿದ ಟೈರನ್ನು ಬದಲಿಸಿ.

ನೆರೆ ಗಾಡಿ

2015ರ ಡಿಸೆಂಬರಿನಲ್ಲಿ ಅಡಯಾರು ನದಿ ಉಕ್ಕಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ವೇಳಚ್ಚೇರಿ, ಪಳ್ಳಿಕರಣೆ, ಮುಡಿಚೂರು, ಅಂಬತ್ತೂರು ಕೈಗಾರಿಕಾ ಪ್ರದೇಶ ಇವನ್ನೆಲ್ಲ ಮುಳುಗಿಸಿತು. ಹಾಗೆ ಮುಳುಗಿದ ಗಾಡಿಗಳು ತೊಳೆದು, ಒಣಗಿ, ಪಾಲಿಶ್ ಆಗಿ ಮತ್ತೆ ಮಾರಾಟಕ್ಕೆ ನಿಲ್ಲುತ್ತವೆ. ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತವೆ. ಆಮೇಲೆ ವೈರಿಂಗ್ ಹಸಿರು ಹಿಡಿದು, ಒಂದು ದಿನ ಲೈಟು, ಇನ್ನೊಂದು ದಿನ ಸೆಲ್ಫ್, ಮತ್ತೊಂದು ದಿನ ಇಂಜಿನ್ ಕಂಟ್ರೋಲ್ ಬಾಕ್ಸ್ (ಇಸಿಎಂ) ಹೋಗುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ.

ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಕನೆಕ್ಟರ್ ಬಿಚ್ಚಿಸಿ ಹಸಿರು ಕಿಲುಬು ಹುಡುಕಿ.

ಹೆಡ್‌ಲೈಟಿನೊಳಗೆ ನೀರಿನ ಗೆರೆ, ಸೀಟಿನ ಕಬ್ಬಿಣದ ಸಂದಿಯಲ್ಲಿ ಒಣಮಣ್ಣು ಇದೆಯೇ ನೋಡಿ.

ವಿಮೆಯ ಹಳೆಯ ಕ್ಲೇಮುಗಳ ವಿವರ ಕೇಳಿ. ಆ ಎರಡು ಡಿಸೆಂಬರುಗಳ ಆಸುಪಾಸಿನ ಕ್ಲೇಮ್ ಇದ್ದರೆ ಕಾರಣ ಬರೆಸಿಕೊಳ್ಳಿ.

ಖರ್ಚು

ಬೆಲೆ ಮಾತಾಡುವ ಮುನ್ನ ರಿಪೇರಿ ಪಟ್ಟಿ ಬರೆದು, ಮೊತ್ತ ಕೂಡಿ, ಕೇಳಿದ ಬೆಲೆಯಲ್ಲಿ ಕಳೆಯಿರಿ. ಸಣ್ಣ ವ್ಯಾನಿಗೆ ಕೂಲಿ ಸೇರಿ ಹಿಡಿಯಬೇಕಾದ ಸ್ಥೂಲ ಅಂದಾಜು ಇದು. ಗಾಡಿ ದೊಡ್ಡದಾದಂತೆ ಏರುತ್ತದೆ.

ಕ್ಲಚ್ ಸೆಟ್: 6ರಿಂದ 12 ಸಾವಿರ.
ನಾಲ್ಕೂ ಚಕ್ರದ ಬ್ರೇಕ್ ಕೆಲಸ: 5ರಿಂದ 10 ಸಾವಿರ.
ಬ್ಯಾಟರಿ: 5ರಿಂದ 7 ಸಾವಿರ.
ನಾಲ್ಕು ಟೈರ್: 14ರಿಂದ 20 ಸಾವಿರ.
ಹೆಡ್ ಗ್ಯಾಸ್ಕೆಟ್: 10ರಿಂದ 25 ಸಾವಿರ, ಹೆಡ್ ಸೊಟ್ಟಗಾಗಿದ್ದರೆ ಇನ್ನೂ ಮೇಲೆ.
ಇಂಜೆಕ್ಟರ್: ಒಂದಕ್ಕೆ 10ರಿಂದ 20 ಸಾವಿರ.
ಟರ್ಬೊ: 20ರಿಂದ 40 ಸಾವಿರ.
ಬೋರ್ ಕೆಲಸ: 50 ಸಾವಿರದಿಂದ 1 ಲಕ್ಷ.

ಕೊಳ್ಳುವ ಬೆಲೆಯ ಐದನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಬೇರೆಯಾಗಿ ಎತ್ತಿಡಿ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ ಬಾಡಿಗೆ ವ್ಯಾನಿನಲ್ಲೇ ಇನ್ನೊಂದು ವರ್ಷ ನಡೆಸಿ.

ಕೊಂಡ ವಾರವೇ ಇಂಜಿನ್ ಆಯಿಲ್, ಗೇರ್ ಆಯಿಲ್, ಕೂಲಂಟ್, ಎಲ್ಲ ಫಿಲ್ಟರ್, ಬ್ರೇಕ್ ಆಯಿಲ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕಡಲ ತೀರದ ಊರಿನಲ್ಲಿ ತೇವಕ್ಕೆ ಕೊರತೆಯಿಲ್ಲ. ಮುಂದೆಯೂ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಿ.

ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಯೇ ಓಡಿಸಿ.

ದಾಖಲೆ

ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಮಾಲೀಕರು, ಸಾಲ, ಎಫ್‌ಸಿ, ವಿಮೆ, ತೆರಿಗೆ, ಬಾಕಿ ಚಲನ್ ಎಲ್ಲ ನೋಡಿ.

ಆರ್‌ಸಿಯಲ್ಲಿರುವ ವ್ಯಕ್ತಿಯನ್ನೇ ಎದುರಿಗೆ ಕೂರಿಸಿಕೊಂಡು ಸಹಿ ಪಡೆಯಿರಿ.

ಸಾಲ ತೀರಿದೆಯೆಂದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಪಡೆಯಿರಿ.

ಫಾರಂ 29 ಮತ್ತು 30 ತುಂಬಿ ಆರ್‌ಟಿಒಗೆ ಕೊಡಿ. ಒಂದೇ ರಾಜ್ಯದೊಳಗೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಗಡುವು.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ.

ಕರ್ನಾಟಕದ ಗಾಡಿಯನ್ನು ಚೆನ್ನೈಗೆ ತರುವುದಾದರೂ, ತಮಿಳುನಾಡಿನದನ್ನು ಊರಿಗೆ ಒಯ್ಯುವುದಾದರೂ ಫಾರಂ 28ರ ಎನ್‌ಒಸಿ ಮೊದಲೇ ಪಡೆಯಿರಿ. 12 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಹೊಸ ನಂಬರ್ ಮಾಡಿಸಿ, ತೆರಿಗೆ ಲೆಕ್ಕ ಮೊದಲೇ ಹಾಕಿ.

ತಮಿಳು ಓದಲು ಬಾರದವರು ಒಪ್ಪಂದ ಪತ್ರವನ್ನು ನಂಬಿಗಸ್ತರಿಂದ ಸಾಲು ಸಾಲು ಓದಿಸಿಕೊಳ್ಳಿ.

ಎಫ್‌ಸಿ ಮುಗಿಯುವ ದಿನವನ್ನು ಡ್ರೈವರ್ ಸೀಟಿನೆದುರು ಬರೆದು ಅಂಟಿಸಿ. ವಾಣಿಜ್ಯ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು.

ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿ. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ, ಆಟೊ ಎಲ್‌ಪಿಜಿ ಟ್ಯಾಂಕಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು; ತಾರೀಖು ಓದಿ.

ಮಾಡಬಾರದ್ದು

ಕೊಳ್ಳುವಾಗ

ರಾತ್ರಿ, ಮಳೆಯಲ್ಲಿ, ತೊಳೆದು ಒದ್ದೆಯಿರುವಾಗ ಗಾಡಿ ನೋಡುವುದು ಬೇಡ.

ಎಫ್‌ಸಿ ಹೊಸದಾಗಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದು ಬೇಡ.

ಮೀಟರಿನ ಕಿಲೊಮೀಟರ್ ನಂಬುವುದು ಬೇಡ. ಪೆಡಲಿನ ರಬ್ಬರ್, ಸ್ಟೀರಿಂಗಿನ ಸವೆತ, ಡ್ರೈವರ್ ಸೀಟಿನ ಗುಂಡಿ ನಿಜ ಹೇಳುತ್ತವೆ.

ಖಾಲಿ ಫಾರಂಗಳಿಗೆ ಸಹಿ ಮಾಡಬಾರದು, ಖಾಲಿ ಸಹಿಯ ಫಾರಂ ತೆಗೆದುಕೊಳ್ಳಬಾರದು.

"ಹೆಸರು ಆಮೇಲೆ ಬದಲಿಸೋಣ" ಎಂಬ ಬ್ರೋಕರ್ ಮಾತಿಗೆ ಒಪ್ಪುವುದು ಬೇಡ. ನಿಮ್ಮ ಹಳೆಯ ಗಾಡಿ ಮಾರುವಾಗಲೂ ಬೇಡ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಗಾಡಿ ಎಷ್ಟು ಕೈ ಬದಲಾಗಿದ್ದರೂ ಮೊದಲ ಮಾಲೀಕರು ತಪ್ಪಿಸಿಕೊಳ್ಳಲಾಗಲಿಲ್ಲ.

ಪೂರ್ತಿ ಹಣವನ್ನು ನಗದಾಗಿ ಕೊಡುವುದು ಬೇಡ.

ಬಿಳಿ ಬೋರ್ಡಿನ ಓಮ್ನಿ, ಈಕೊ ಕೊಂಡು ಬಾಡಿಗೆಗೆ ಓಡಿಸಬಾರದು. ಅಪಘಾತವಾದ ದಿನ ವಿಮೆ ಕಂಪನಿ ಮೊದಲು ಕೇಳುವುದೇ ಬೋರ್ಡಿನ ಬಣ್ಣವನ್ನು.

ಗಾಡಿ ಮಾರುವವರೇ ತೋರಿಸಿದ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸುವುದು ಬೇಡ.

ರಿಪೇರಿಯಲ್ಲಿ

ಬ್ರೇಕ್, ಸ್ಟೀರಿಂಗ್, ಚಕ್ರದ ಬೇರಿಂಗ್, ಬ್ರೇಕ್ ಹೋಸುಗಳನ್ನು ಪುದುಪೇಟೆಯ ಹಳೆ ಸಾಮಾನಿನಲ್ಲಿ ಕೊಳ್ಳಬಾರದು. ಬಾಗಿಲು, ಕನ್ನಡಿ, ಬಂಪರ್, ಸೀಟಿಗೆ ಪುದುಪೇಟೆ ಒಳ್ಳೆಯ ಜಾಗ. ಅರ್ಧ ಬೆಲೆಗೂ ಕಡಿಮೆಯಲ್ಲಿ ಸಿಗುತ್ತದೆ, ಅಲ್ಲಿನ ಕೆಲಸಗಾರರ ಕೈಚಳಕ ದೊಡ್ಡದು. ಜೀವ ನಿಂತಿರುವ ಭಾಗಗಳಿಗೆ ಮಾತ್ರ ಹೊಸದೇ ಬೇಕು, ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿ ಬಿಲ್ ಸಮೇತ ಕೊಳ್ಳಿ.

ಬರೇ ಜಾಕಿನ ಮೇಲೆ ನಿಂತ ವ್ಯಾನಿನಡಿ ನುಸುಳಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಬೇಡ.

ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬಾರದು.

ತುಕ್ಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಬೇಡ. ಕತ್ತರಿಸಿ ಹೊಸ ತಗಡು ಕೂರಿಸಿ.

ಚಾಸಿಯ ಸೀಳಿಗೆ ರಸ್ತೆಬದಿಯ ವೆಲ್ಡಿಂಗ್ ಬೇಡ.

ಎಗ್ಸಾಸ್ಟ್ ಫಿಲ್ಟರ್ ಕಿತ್ತು ಖಾಲಿ ಪೈಪ್ ಹಾಕಿಸಬಾರದು.

ಮನೆಯ ಅಡುಗೆ ಗ್ಯಾಸ್ ಸಿಲಿಂಡರಿನಿಂದ ವ್ಯಾನ್ ಓಡಿಸಬಾರದು. ಕೇಟರಿಂಗ್‌ನವರಿಗೆ ಇದನ್ನು ಎರಡು ಸಲ ಹೇಳಬೇಕು: ಓಡಿಸಬಾರದು.

ಬದಲಿಸಿದ ಹಳೆ ಭಾಗವನ್ನು ನೋಡದೆ ಬಿಲ್ ಕಟ್ಟುವುದು ಬೇಡ.

ರಸ್ತೆಯಲ್ಲಿ

ನೀರಿನಲ್ಲಿ ನಿಂತುಹೋದ ವ್ಯಾನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಗಾಳಿಯ ದಾರಿಯಲ್ಲಿ ನೀರು ನುಗ್ಗಿದ ಇಂಜಿನ್ ಒಂದೇ ತಿರುವಿಗೆ ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಳ್ಳುತ್ತದೆ. ಬ್ಯಾಟರಿ ತಂತಿ ಕಳಚಿ, ಎಳೆಸಿಕೊಂಡು ಹೋಗಿ.

ಆರ್‌ಸಿಯಲ್ಲಿ ಬರೆದ ತೂಕ ಮೀರಿ ಹೇರಬಾರದು.

ಅಡುಗೆಯವರನ್ನು, ಬಡಿಸುವವರನ್ನು ಪಾತ್ರೆಗಳ ಜೊತೆ ಹಿಂದೆ ಕೂರಿಸಬಾರದು. ಮದುವೆ ಸೀಸನ್ನಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಸರಕು ವಾಹನದಲ್ಲಿ ಹಾಗೆ ಕೂತು ಹೋದವರಿಗೆ ಪರಿಹಾರ ಕೊಡುವ ಹೊಣೆಯಿಂದ ವಿಮೆ ಕಂಪನಿ ನುಣುಚಿಕೊಳ್ಳಬಲ್ಲದು. ಬಿದ್ದವರ ಮನೆಗೆ ಉತ್ತರ ಕೊಡಬೇಕಾದವರು ನೀವು.

ಲೈಸೆನ್ಸ್ ನೋಡದೆ ಡ್ರೈವರ್ ಕೈಗೆ ಕೀಲಿ ಕೊಡಬಾರದು. 7,500 ಕಿಲೊ ಒಟ್ಟು ತೂಕದೊಳಗಿನ ವ್ಯಾನಿಗೆ ಲಘು ವಾಹನದ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ. ಆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಎಸಿ ಹಾಕಿ, ಇಂಜಿನ್ ಓಡಲು ಬಿಟ್ಟು, ಕಿಟಕಿ ಮುಚ್ಚಿ ವ್ಯಾನಿನೊಳಗೆ ಮಲಗಬಾರದು. ಎಗ್ಸಾಸ್ಟ್ ಸೋರಿದರೆ ವಾಸನೆಯೂ ಬಾರದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಆಯಿಲ್ ದೀಪ ಅಥವಾ ಉಷ್ಣಾಂಶದ ಕೆಂಪು ದೀಪ ಹತ್ತಿದ ಮೇಲೆ "ಮುಂದಿನ ಸಿಗ್ನಲ್‌ವರೆಗೆ" ಎಂದು ಓಡಿಸುವುದು ಬೇಡ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬಾರದು.

ಬ್ರೇಕ್ ಮೆತ್ತಗಾಗಿದೆ ಎಂದು ಡ್ರೈವರ್ ಹೇಳಿದ ಮೇಲೆ ಇನ್ನೊಂದು ಟ್ರಿಪ್ ಕಳಿಸಬಾರದು. ಆರ್ಡರ್ ತಡವಾದರೆ ಗಿರಾಕಿಗೆ ಫೋನ್ ಮಾಡಿ, ಬಾಡಿಗೆ ವ್ಯಾನ್ ತರಿಸಿ, ನಿಮ್ಮದನ್ನು ಗ್ಯಾರೇಜಿಗೆ ಎಳೆಸಿ.